ಕಾಫಿಮನೆಯಲ್ಲೊಂದು ಓದು

ಪಾಶ್ಚಾತ್ಯ ನಗರಗಳ ನ್ಯಾಯಯುತ ವ್ಯಾಪಾರದ ಕಾಫಿಮನೆಗಳಲ್ಲಿ ಲೇಖಕರು ಸಂಜೆಯ ಹೊತ್ತು ತಮ್ಮ ಕೃತಿಗಳನ್ನು ಓದುವ ರೂಢಿಯುಂಟು. ಉಳ್ಳವರ ಕಾಲಕ್ಷೇಪವೆಂದು ಇದನ್ನು ಹಳಿಯುವ ಗೆಳೆಯರು ಒಂದನ್ನು ಗಮನಿಸಬೇಕು: ಈ ವ್ಯಾಪಾರದ ಮೊದಲ ಮುದ್ರೆಗೆ ಹೆಸರು ದೊರೆತದ್ದೇ ಕಾದಂಬರಿಯೊಂದರಿಂದ. ಜಾವಾದಲ್ಲಿ ಡಚ್ ಅಧಿಕಾರಿಯಾಗಿದ್ದು, ರೈತರ ಸುಲಿಗೆಯನ್ನು ಕಂಡು 1856ರಲ್ಲಿ ಹುದ್ದೆ ತೊರೆದ ಡೌವೆಸ್ ಡೆಕ್ಕರ್, 'ಮುಲ್ತಾತುಲಿ' ಎಂಬ ಹೆಸರಿನಲ್ಲಿ 1860ರಲ್ಲಿ 'ಮ್ಯಾಕ್ಸ್ ಹಾವೆಲಾರ್' ಪ್ರಕಟಿಸಿದ. ಆ ಕಥೆಯನ್ನು ಆರಂಭಿಸುವವನು ಆಮ್‌ಸ್ಟರ್‌ಡಾಮಿನ ಒಬ್ಬ ಕಾಫಿ ದಲ್ಲಾಳಿ! 1988ರಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿ ಅದೇ ಹೆಸರಿನ ಮುದ್ರೆ ಹೊತ್ತು ಹಾಲೆಂಡಿನ ಅಂಗಡಿಗಳಿಗೆ ಬಂದಿತು.

2001ರಲ್ಲಿ ಅರೇಬಿಕಾದ ಬೆಲೆ ಪೌಂಡಿಗೆ 50 ಸೆಂಟ್‌ಗೂ ಕೆಳಗಿಳಿದಾಗ, ಆ ಮುದ್ರೆಯಡಿ ಮಾರಿದವರಿಗೆ ಕನಿಷ್ಠ ಬೆಲೆಯ ಆಸರೆಯಿತ್ತು. ಚಿಕ್ಕಮಗಳೂರು, ಕೊಡಗುಗಳ ಬೆಳೆಗಾರರಿಗೆ ಉಳಿದದ್ದು ಸಾಲ. ಆದರೆ ಕಾಫಿಯ ಮಟ್ಟಿಗೆ ಆ ಅಂತರರಾಷ್ಟ್ರೀಯ ಮುದ್ರೆ ಸಣ್ಣ ಬೆಳೆಗಾರರ ಸಂಘಗಳಿಗಷ್ಟೇ ಸಲ್ಲುತ್ತದೆ. ದೊಡ್ಡ ಎಸ್ಟೇಟುಗಳ ಲೈನುಮನೆಗಳಲ್ಲಿ ಬಾಳುವ ಆಳುಗಳು ಇಂದಿಗೂ ಅದರ ಹೊರಗೆ. ಈ ಲೋಪವನ್ನು ಕಾಫಿಮನೆಯ ಗೋಡೆಬರಹಗಳು ಹೇಳುವುದಿಲ್ಲ.

ನಮ್ಮ ಮಲೆನಾಡಿನಲ್ಲಿಯೂ ಇಂತಹ ಓದು ನಡೆಯಲಿ ಎಂಬುದು ನಮ್ಮ ಆಶಯ. ಸಂತೆಯ ದಿನವೇ ನಡೆಯಲಿ. ಲೈನುಮನೆಯವರು ಪೇಟೆಗೆ ಇಳಿಯುವುದು ಅಂದೇ.