ಸಾವಿರ ಅಡಿಯ ಲೆಕ್ಕ

ಹಾಲಿವುಡ್ಡಿನವರ ‘ಏರ್‌ಪೋರ್ಟ್ 1975’ ನೋಡಿದ್ದೀರಾ? 1974ರಲ್ಲೇ ತೆರೆಕಂಡ ಚಿತ್ರ. ಪುಟ್ಟ ವಿಮಾನವೊಂದು ಬಂದು ಜಂಬೋ ಜೆಟ್ಟಿನ ಮೂತಿಗೇ ಗುದ್ದುತ್ತೆ. ನಡೆಸೋರೇ ಗತಿಯಿಲ್ಲ ಅನ್ನುವಾಗ ಗಗನಸಖಿ ಕ್ಯಾರನ್ ಬ್ಲ್ಯಾಕ್ ಚುಕ್ಕಾಣಿ ಹಿಡೀತಾಳೆ. ಕೊನೆಗೆ ಚಾರ್ಲ್‌ಟನ್ ಹೆಸ್ಟನ್ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ನೇತಾಡ್ತಾ ಆ ತೂತಿನೊಳಗೇ ಇಳೀತಾನೆ! ಸಿಳ್ಳೆ ಹೊಡೆಯೋ ಸೀನು, ಇಲ್ಲ ಅನ್ನೋಲ್ಲ.

ಆದರೆ ಇಂಥ ಚಿತ್ರಗಳಲ್ಲಿ ನನ್ನ ಕಣ್ಣು ಹೋಗೋದು ಇನ್ನೊಬ್ಬನ ಮೇಲೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಾಡಾರ್ ಪರದೆ ಮುಂದೆ ಕೂತಿರ್ತಾನಲ್ಲ, ಆ ಕಂಟ್ರೋಲರ್. ನಿರ್ದೇಶಕರು ಅವನಿಗೆ ಕೊಡೋ ಕೆಲಸ ಎರಡೇ: ಬೆವರು ಒರೆಸಿಕೊಳ್ಳೋದು, ಮೈಕಿನಲ್ಲಿ ಕೂಗೋದು. ನಿಜವಾದ ಕಂಟ್ರೋಲರ್ ಕೂಗೋದೇ ಇಲ್ಲ ಸ್ವಾಮಿ. ದನಿ ಏರಿಸಿದರೆ ಕೇಳುವ ಪೈಲಟ್ ಗಾಬರಿಯಾಗ್ತಾನೆ.

ಆಕಾಶ ಅಷ್ಟು ದೊಡ್ಡದಿದೆ, ಎರಡು ವಿಮಾನ ಎದುರುಬದುರಾಗೋದು ಹೇಗೆ ಅಂತೀರಾ? ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ನೆನೆಸಿಕೊಳ್ಳಿ. ಹೆದ್ದಾರಿಯಲ್ಲಿ ಬಸ್ಸುಗಳ ನಡುವೆ ಮೈಲಿಗಟ್ಟಲೆ ಜಾಗ, ನಿಲ್ದಾಣದ ಬಾಗಿಲಲ್ಲಿ ಬಂಪರಿಗೆ ಬಂಪರು. ವಿಮಾನ ನಿಲ್ದಾಣದ ಸುತ್ತಲೂ ಅದೇ ಪಾಡು. ಇಳಿಯೋರು, ಏರೋರು ಎಲ್ಲರೂ ಅಲ್ಲೇ. ವಿಮಾನಕ್ಕೆ ಬ್ರೇಕ್ ಹಾಕಿ ಆಕಾಶದಲ್ಲಿ ನಿಲ್ಲಿಸೋಕೂ ಆಗಲ್ಲ. ಅದಕ್ಕೇ ಒಂದರ ಮೇಲೊಂದು ಹೋಗುವಾಗ ನಡುವೆ 1,000 ಅಡಿ ಇರಲೇಬೇಕು ಅನ್ನೋ ಕಟ್ಟಳೆ.

ಆ ಸಾವಿರ ಅಡಿ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ 1996ರ ನವೆಂಬರ್ 12ರ ಸಂಜೆ ಸಾಕ್ಷಿ. ದಿಲ್ಲಿಯಿಂದ ಸೌದಿಯಾ ಸಂಸ್ಥೆಯ ಬೋಯಿಂಗ್ 747 ಏರಿತು. ಒಳಗೆ 312 ಜನ, ಕೊಲ್ಲಿ ದೇಶಕ್ಕೆ ದುಡಿಯೋಕೆ ಹೊರಟ ಬಡಪಾಯಿಗಳೇ ಬಹಳ. ಎದುರಿನಿಂದ ಕಜಾಕಸ್ತಾನದ ಇಲ್ಯೂಷಿನ್-76 ಇಳೀತಿತ್ತು, ಅದರಲ್ಲಿ 37 ಮಂದಿ. ಆಕಾಶದ ಬಹುಪಾಲು ವಾಯುಪಡೆಯ ಕೈಯಲ್ಲಿದ್ದುದರಿಂದ ಹೋಗೋಕೂ ಬರೋಕೂ ಒಂದೇ ದಾರಿ. ಕಂಟ್ರೋಲರ್ ಇಲ್ಯೂಷಿನ್‌ಗೆ 15,000 ಅಡಿ ಅಂದ, ಸೌದಿಯಾಕ್ಕೆ 14,000 ಅಡಿ ಅಂದ. ಎದುರಿಗೆ ಜಂಬೋ ಬರ್ತಿದೆ ನೋಡಿಕೋ ಅಂತಲೂ ಎಚ್ಚರಿಸಿದ. ಅವನ ಲೆಕ್ಕ ಸರಿಯಾಗೇ ಇತ್ತು.

ಇಲ್ಯೂಷಿನ್ ಮಾತ್ರ 15,000ಕ್ಕೆ ನಿಲ್ಲದೆ ಕೆಳಗೆ ಕೆಳಗೆ ಜಾರಿತು. ದಿಲ್ಲಿಯ ರಾಡಾರಿನಲ್ಲಿ ಚುಕ್ಕಿ ಕಾಣ್ತಿತ್ತೇ ಹೊರತು ಎತ್ತರ ಕಾಣ್ತಿರಲಿಲ್ಲ! ಎತ್ತರ ತೋರಿಸೋ ಹೊಸ ರಾಡಾರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಗೋಪುರದ ಜೊತೆ ಇಂಗ್ಲಿಷಿನಲ್ಲಿ ಮಾತಾಡ್ತಿದ್ದವನು ಪೈಲಟ್ ಅಲ್ಲ, ರೇಡಿಯೋದವನು. ಕೊನೇ ಗಳಿಗೆಯಲ್ಲಿ ಅವನೇ ಎಚ್ಚೆತ್ತು ‘ಮೇಲೆ ಏರಿಸಿ’ ಅಂದ. ಏರಿಸಿದರು. ಆ ಹೊತ್ತಿಗೆ ಇವರ ವಿಮಾನ ಜಂಬೋಗಿಂತ ಕೆಳಗಿತ್ತು; ಸುಮ್ಮನಿದ್ದಿದ್ದರೆ ಅಡಿಯಿಂದ ತೂರಿ ಹೋಗಬಹುದಿತ್ತು. ಏರಲು ಹೋಗಿ ಬಾಲ ಜಂಬೋದ ರೆಕ್ಕೆಗೆ ಬಡಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳಲ್ಲಿ 349 ಹೆಣ. ಒಬ್ಬರೂ ಉಳೀಲಿಲ್ಲ. ಆಕಾಶದ ಡಿಕ್ಕಿಗಳಲ್ಲಿ ಇದಕ್ಕಿಂತ ಘೋರವಾದದ್ದು ಇವತ್ತಿನವರೆಗೂ ಆಗಿಲ್ಲ.

ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ತನಿಖೆ ಮಾಡಿದರು. ಅನುಮತಿಯಿಲ್ಲದೆ ಕೆಳಗಿಳಿದ ಇಲ್ಯೂಷಿನ್ನಿನದೇ ತಪ್ಪು ಅಂತ ತೀರ್ಮಾನವಾಯ್ತು. ಹೋಗುವ ದಾರಿ, ಬರುವ ದಾರಿ ಬೇರೆಯಾದವು. ವಿಮಾನಗಳಿಗೆ ‘ಟೀಕ್ಯಾಸ್’ ಅನ್ನೋ ಯಂತ್ರ ಕಡ್ಡಾಯವಾಯ್ತು. ಎರಡು ವಿಮಾನಗಳ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬನಿಗೆ ‘ಕ್ಲೈಂಬ್’, ಇನ್ನೊಬ್ಬನಿಗೆ ‘ಡಿಸೆಂಡ್’ ಅಂತ ಹೇಳ್ತವೆ. ಜಾಣ ಯಂತ್ರ. ಅದನ್ನೂ ಮೀರಿಸೋ ವಿಧಿ ಇದೆ ನೋಡಿ.

2002ರ ಜುಲೈ 1ರ ರಾತ್ರಿ, ಜರ್ಮನಿಯ ಯೂಬರ್‌ಲಿಂಗನ್ ಊರಿನ ಮೇಲೆ. ರಷ್ಯಾದ ಟುಪೊಲೆವ್ ತುಂಬ ರಜೆಗೆ ಹೊರಟ ಮಕ್ಕಳು, ಎದುರಿಗೆ ಡಿಎಚ್‌ಎಲ್‌ನ ಸರಕು ವಿಮಾನ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದಲ್ಲಿ ಕೆಲಸದಲ್ಲಿದ್ದವನು ಒಬ್ಬನೇ. ಜೊತೆಗಾರ ವಿಶ್ರಾಂತಿಗೆ ಹೋಗಿದ್ದ, ಟೆಲಿಫೋನು ರಿಪೇರಿಯಲ್ಲಿತ್ತು. ಯಂತ್ರ ಟುಪೊಲೆವ್‌ಗೆ ಏರು ಅಂತು, ಕಂಟ್ರೋಲರ್ ಇಳಿ ಅಂದ. ಪೈಲಟ್ ಮನುಷ್ಯನ ಮಾತು ಕೇಳಿದ. ಸರಕು ವಿಮಾನದವನು ಯಂತ್ರದ ಮಾತು ಕೇಳಿ ಅವನೂ ಇಳಿದ. ಸತ್ತವರು 71. ಹೆಂಡತಿ, ಇಬ್ಬರು ಮಕ್ಕಳನ್ನು ಕಳಕೊಂಡ ಒಬ್ಬ ತಂದೆ 2004ರಲ್ಲಿ ಆ ಕಂಟ್ರೋಲರನ ಮನೆ ಹುಡುಕಿಕೊಂಡು ಹೋಗಿ ಇರಿದು ಕೊಂದ. ಈ ಕಥೆಯ ಎಳೆ ಹಿಡಿದೇ 2017ರಲ್ಲಿ ‘ಆಫ್ಟರ್‌ಮ್ಯಾತ್’ ಬಂತು. ಆ ತಂದೆಯ ಪಾತ್ರದಲ್ಲಿ ನಿಮ್ಮ ಮೆಚ್ಚಿನ ಕಟ್ಟುಮಸ್ತು ಆಸಾಮಿ ಆರ್ನಾಲ್ಡ್ ಶ್ವಾರ್ಜ್‌ನೆಗರ್! ಫೈಟಿಂಗ್ ಇರುತ್ತೆ ಅಂತ ನಂಬಿ ಕೂತರೆ ಮೋಸ ಹೋಗ್ತೀರಿ. ಯಾರನ್ನು ಖಳನಾಯಕ ಅನ್ನೋದು? ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಅದಾದ ಮೇಲೆ ಯಂತ್ರ, ಮನುಷ್ಯ ಬೇರೆ ಬೇರೆ ಹೇಳಿದರೆ ಯಂತ್ರದ ಮಾತನ್ನೇ ಕೇಳಬೇಕು ಅನ್ನೋದು ಜಗತ್ತಿಗೆಲ್ಲ ಬಿಗಿಯಾಯ್ತು.

ದೂರದ ಕಥೆ ಬೇಡ ಅಂತೀರಾ? ನಮ್ಮ ದೇವನಹಳ್ಳಿಗೇ ಬನ್ನಿ. 2022ರ ಜನವರಿ. ಕೆಂಪೇಗೌಡ ನಿಲ್ದಾಣದಲ್ಲಿ ಅಕ್ಕಪಕ್ಕ ಎರಡು ರನ್‌ವೇ. ಅವತ್ತು ಬೆಳಿಗ್ಗೆ ಉತ್ತರದ್ದು ಏರೋಕೆ, ದಕ್ಷಿಣದ್ದು ಇಳಿಯೋಕೆ. ನಡುವೆ ಪಾಳಿಯ ಮುಖ್ಯಸ್ಥರು ಎಲ್ಲಕ್ಕೂ ಉತ್ತರದ್ದೊಂದೇ ಸಾಕು ಅಂತ ತೀರ್ಮಾನಿಸಿದರು, ಆ ಸುದ್ದಿ ದಕ್ಷಿಣ ಗೋಪುರಕ್ಕೆ ಮುಟ್ಟಲಿಲ್ಲ. ಅಲ್ಲಿಯವರು ಕೋಲ್ಕತ್ತದ ಇಂಡಿಗೋಗೆ ‘ಹೊರಡು’ ಅಂದರು, ಇಲ್ಲಿಯವರು ಭುವನೇಶ್ವರದ ಇಂಡಿಗೋಗೆ ‘ಹೊರಡು’ ಅಂದರು. ಎರಡೂ ಒಟ್ಟಿಗೇ ಮೇಲೆದ್ದು ಒಂದರತ್ತ ಒಂದು ವಾಲಿದವು. ಒಳಗೆ ನಾನೂರಕ್ಕೂ ಹೆಚ್ಚು ಜೀವ.

ರಾಡಾರ್ ಮುಂದಿದ್ದ ಕಂಟ್ರೋಲರ್ ಕಣ್ಣಿಗೆ ಎರಡು ಚುಕ್ಕಿ ಹತ್ತಿರವಾಗೋದು ಬಿತ್ತು. ಇಬ್ಬರಿಗೂ ಬೇರೆ ಬೇರೆ ದಿಕ್ಕು ಹೇಳಿ ತಿರುಗಿಸಿದರು. ಹಗ್ಗ ಇಲ್ಲ, ಹೆಲಿಕಾಪ್ಟರ್ ಇಲ್ಲ. ಲಾಗ್‌ಬುಕ್ಕಿನಲ್ಲಿ ಒಂದು ಸಾಲೂ ಬರೆದಿರಲಿಲ್ಲ ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಒಂದು ವಿಮಾನ ಕೋಲ್ಕತ್ತದಲ್ಲಿ ಇಳೀತು, ಇನ್ನೊಂದು ಭುವನೇಶ್ವರದಲ್ಲಿ.