ಹೆಣ್ಣುಮಗಳ ಹೆಸರೂ ಗಡಿನಾಡಿನ ಪ್ರಶ್ನೆಯೇ



ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಭಾಗಗಳು ಕನ್ನಡ ನಾಡಿಗೆ ಸೇರತಕ್ಕವೆಂದು ಮಹಾಜನ ಆಯೋಗವು 1967ರಲ್ಲಿ ನುಡಿಯಿತು. ಅದು ಇಂದಿಗೂ ನೆರವೇರಿಲ್ಲ. ಆ ನ್ಯಾಯಕ್ಕಾಗಿ ನಾವು ಕೂಗುತ್ತಲೇ ಇದ್ದೇವೆ, ಮುಂದೆಯೂ ಕೂಗುವೆವು. ಆದರೆ ಗಡಿ ಸರಿಯುವ ತನಕ ಕೈಕಟ್ಟಿ ಕುಳಿತರೆ ಕಣ್ಣೆದುರೇ ಅಳಿದುಹೋಗುವ ಹಕ್ಕೊಂದಿದೆ. ಮದುವೆಯಾದ, ಇಲ್ಲವೆ ಮದುವೆ ಮುರಿದ, ಹೆಣ್ಣುಮಗಳ ಭೂಮಿಯ ಹಕ್ಕು ಅದು.

ನಮ್ಮಲ್ಲಿ ನಡೆಯುವುದೇನು? ಅಕ್ಕಲಕೋಟೆಯ ಮಗಳನ್ನು ಆಳಂದಕ್ಕೆ ಕೊಡುತ್ತೇವೆ; ಇಂಡಿಯ ಹೆಣ್ಣನ್ನು ಜತ್ತಕ್ಕೆ ತರುತ್ತೇವೆ. ನೆಂಟಸ್ತನಕ್ಕೆ ಇಲ್ಲದ ಗಡಿ ಕಾಗದಕ್ಕೆ ಇದೆ. ಆಳಂದಕ್ಕೆ ಹೋದವಳು ತವರಿನ ಸಾತಬಾರಾ ಉತಾರದಲ್ಲಿ ತಂದೆಯ ಹೆಸರಿನೊಡನೆ ಮರಾಠಿಯಲ್ಲಿರುತ್ತಾಳೆ; ಗಂಡನ ಮನೆಯ ಪಡಿತರ ಚೀಟಿಯಲ್ಲಿ ಗಂಡನ ಅಡ್ಡಹೆಸರಿನೊಡನೆ ಕನ್ನಡದಲ್ಲಿರುತ್ತಾಳೆ. ಕೆಲವು ಮನೆತನಗಳಲ್ಲಂತೂ ಲಗ್ನದ ದಿನ ಹುಟ್ಟುಹೆಸರನ್ನೇ ಬದಲಿಸುವರು. ಮುಂದೆ ಬೆಳೆಸಾಲ, ವಾಟ್ನಿ, ವಾರಸಾ, ಯಾವ ಪ್ರಸಂಗ ಬಂದರೂ ಒಂದೇ ಪ್ರಶ್ನೆ: ಈ ಎರಡು ಹೆಸರೂ ಒಬ್ಬಳದೇ ಎಂಬುದಕ್ಕೆ ಪುರಾವೆ ಏನು?

ಹೆಸರು ಬದಲಾದ ಮಾತ್ರಕ್ಕೆ ಒಡೆತನ ಬದಲಾಗದು. ಗಂಡನ ಹೆಸರನ್ನು ಧರಿಸಲೇಬೇಕೆಂಬ ಕಾಯಿದೆಯೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣನ್ನು ಅವಳ ಆಸ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡಿತು. 2005ರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳನ್ನು ಮಗನಿಗೆ ಸಮಾನಳನ್ನಾಗಿಸಿತು. ವಿಚ್ಛೇದನವಾದರೂ ಅವಳ ಹೊಲ ಅವಳದೇ. ಜಂಟಿ ಆಸ್ತಿಯಿಂದ ಅವಳ ಹೆಸರನ್ನು ತೆಗೆಯಲು ವಿಚ್ಛೇದನವೊಂದೇ ಸಾಲದು. ಅವಳೇ ನೋಂದಾಯಿತ ಪತ್ರದಿಂದ ಹಕ್ಕು ಬಿಡಬೇಕು, ಇಲ್ಲವೆ ನ್ಯಾಯಾಲಯವು ಆಸ್ತಿಯ ಕುರಿತು ಆಜ್ಞೆ ಮಾಡಬೇಕು.

ಹಾಗಾದರೆ ಹೆಸರು ತಿದ್ದಿಸುವ ಗೊಡವೆ ಏಕೆ? ಎರಡು ಹೆಸರುಗಳ ನಡುವಿನ ಬಿರುಕಿನಲ್ಲಿಯೇ ಕಳ್ಳನು ನುಗ್ಗುವನು. ತಪ್ಪೆಲ್ಲ ಕಚೇರಿಯದೆಂದು ನಾವು ಹೇಳಲಾರೆವು. ಹೆಸರು ಹೊಂದುವುದಿಲ್ಲವೆಂಬ ನೆಪದಿಂದ ತಂಗಿಯ ಪಾಲನ್ನು ನುಂಗುವ ಅಣ್ಣ ಕನ್ನಡಿಗನೇ. ಪಂಚಮಿಯ ಉಂಡಿಗೆಂದು ಕರೆತಂದು ಹಕ್ಕಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನೂ ಕನ್ನಡಿಗನೇ. ನಮ್ಮೂರ ಹೆಸರನ್ನು ತಿರುಚಿ ಬರೆದರೆ ನೋಯುವ ನಾವು, ಒಡಹುಟ್ಟಿದವಳ ಹೆಸರನ್ನು ಉತಾರದಿಂದ ಒರೆಸಿದಾಗ ನೋಯಬೇಡವೇ?

ಮಾಡತಕ್ಕದ್ದು ಇಷ್ಟು. ಖರೀದಿಪತ್ರವನ್ನು ಮತ್ತೆ ಬರೆಯಿಸುವ ಕಾರಣವಿಲ್ಲ. ಮದುವೆಯ ನೋಂದಣಿ ಪತ್ರ ಅಥವಾ ವಿಚ್ಛೇದನದ ತೀರ್ಪಿನ ದೃಢೀಕೃತ ನಕಲು, ಎರಡೂ ಹೆಸರು ಒಬ್ಬಳದೇ ಎಂಬ ಪ್ರಮಾಣಪತ್ರ, ಇವುಗಳೊಡನೆ ತಲಾಠಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ತಂದೆಯ ಮರಣದಿಂದ ಪಾಲು ಬಂದಿದ್ದರೆ, ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ 149ನೆಯ ಕಲಮಿನಂತೆ 3 ತಿಂಗಳೊಳಗೆ ತಿಳಿಸಿರಿ. ಚಾವಡಿಯಲ್ಲಿ ಫೇರಫಾರದ ಪ್ರತಿ ಅಂಟಿಸಿದಾಗ ಓದಿರಿ. ಓದಬಾರದವರು ಓದಿಸಿ ಕೇಳಿರಿ. ಅನ್ಯಾಯವಾದರೆ ಕನ್ನಡದಲ್ಲಿಯೇ ಮನವಿ ಬರೆಯಿರಿ. ದೇಶದಲ್ಲಿ ಇಲ್ಲವೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಆಸ್ತಿಯ ಪತ್ರಗಳಲ್ಲಿ ಹೆಣ್ಣಿನ ವಿವಾಹಪೂರ್ವದ ಹೆಸರಿಗೂ ಮಹಾರಾಷ್ಟ್ರ ಮಂತ್ರಿಮಂಡಲವು 2024ರ ಮಾರ್ಚಿನಲ್ಲಿ ಅವಕಾಶವಿತ್ತಿತು. ಅದು ಗಡಿಯ ಹಳ್ಳಿಗೂ ಮುಟ್ಟಲಿ. ಆದುದರಿಂದ ನಮ್ಮ ಒತ್ತಾಯ ಮೂರು:

1. ಉತಾರದಲ್ಲಿ ಹೆಣ್ಣಿನ ತವರಿನ ಹೆಸರೂ ಗಂಡನ ಮನೆಯ ಹೆಸರೂ ಜೊತೆಯಾಗಿ ನಿಲ್ಲಲಿ.

2. ಕರ್ನಾಟಕದಲ್ಲಿ ಪಡೆದ ಕನ್ನಡ ಕಾಗದಗಳ ಭಾಷಾಂತರದ ಹೊರೆಯನ್ನು ಸರಕಾರವೇ ಹೊರಲಿ.

3. ಇದು ನಮಗೆ ನಾವೇ ಹಾಕಿಕೊಳ್ಳುವ ಕಟ್ಟು: ಲಗ್ನದ ಯಾದಿ ಬರೆಯುವ ದಿನವೇ ಮಗಳ ಹೆಸರು ಉತಾರದಲ್ಲಿ ಹೇಗಿದೆಯೆಂದು ಹಿರಿಯರು ನೋಡತಕ್ಕದ್ದು.

ತಾಯಿನಾಡಿಗಾಗಿ ಹೋರಾಡುವವರೇ, ಮನೆಯ ಹೆಣ್ಣುಮಗಳಿಗೆ ಮೊದಲು ನ್ಯಾಯ ಕೊಡಿರಿ. ಆಗ ನಮ್ಮ ಕೂಗಿಗೆ ಬಲ ಬರುವುದು.

ಜಯ ಕರ್ನಾಟಕ!