ಕೌದಿಗೆ ಬಿಳುಪು ಬೇಕೆ?

ಪ್ರತಿವರ್ಷ ಮಳೆಗಾಲ ಮುಗಿದು ದೀಪಾವಳಿಯ ರಜೆ ಸಮೀಪಿಸಿತೆಂದರೆ ನಮ್ಮ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳ ಮುಚ್ಚಳ ತೆರೆಯುತ್ತವೆ. ನಾಲ್ಕು ತಿಂಗಳ ತೇವವನ್ನು ಕುಡಿದು ಮುಗ್ಗು ಹಿಡಿದ ಹಾಸಿಗೆ ಹೊದಿಕೆಗಳು ಹೊರಬರುತ್ತವೆ. ಅವುಗಳ ನಡುವೆ ಊರಿನಿಂದ ಬಂದ ಕೌದಿಯೊಂದಾದರೂ ಇರುವುದುಂಟು. ಅದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಎರಡೇ ಉತ್ತರಗಳು ಕೇಳಿಬರುತ್ತವೆ: ಯಂತ್ರಕ್ಕೆ ಹಾಕಿ ಬೆಳ್ಳಗೆ ಮಾಡುವುದು, ಇಲ್ಲವೆ ಹಿರಿಯರ ನೆನಪೆಂದು ಮರಳಿ ಟ್ರಂಕಿನಲ್ಲಿಟ್ಟು ಬೀಗ ಹಾಕುವುದು. ಎರಡೂ ತಪ್ಪೆಂಬುದು ನನ್ನ ಅಭಿಪ್ರಾಯ. ಹೀಗೆ ಹೇಳುವ ಅಧಿಕಾರ ನನಗೆ ಬಂದುದು ಒಂದು ಕೌದಿಯನ್ನು ಕೆಡಿಸಿದ್ದರಿಂದ.

ಉದ್ಯೋಗನಿಮಿತ್ತವಾಗಿ ಬಾಗಲಕೋಟೆಯ ಕಡೆಯಿಂದ ಈ ನಗರಕ್ಕೆ ಬಂದಾಗ ತಾಯಿಯವರು ನನ್ನ ಗಂಟಿನಲ್ಲಿ ಒಂದು ಕೌದಿಯನ್ನು ಕಟ್ಟಿಕೊಟ್ಟಿದ್ದರು. ಅದರ ಮೇಲ್ಪದರು ಅಜ್ಜಿಯ ಇಳಕಲ್ ಸೀರೆ. ಒಳಪದರುಗಳು ಅಜ್ಜನ ಧೋತರಗಳು. ಒಂದು ದಿನ ಅದರ ಮೇಲೆ ಚಹ ಚೆಲ್ಲಿತು. ಬಂದ ಅತಿಥಿಗಳೆದುರು ನಾಚಿಕೆಯಾಗಿ, ಅಂದು ರಾತ್ರಿಯೇ ಬಿಸಿನೀರಿಗೆ ಬ್ಲೀಚನ್ನು ಧಾರಾಳವಾಗಿ ಸುರಿದು ಕೌದಿಯನ್ನು ನೆನೆಯಿಟ್ಟೆನು. ಬೆಳಗ್ಗೆ ನೋಡಿದರೆ ಚಹದ ಕಲೆಯೇನೋ ಹೋಗಿತ್ತು. ಅದರೊಡನೆ ಸೀರೆಯ ನೀಲಿಯೂ ಹೋಗಿತ್ತು. ಕೆಂಪು ಸೆರಗು ಲೋಳೆಯಂತಾಗಿ ಬೆರಳಿಗೆ ಹತ್ತುತ್ತಿತ್ತು. ಗಾಬರಿಯಿಂದ ಒಂದು ತುದಿಯನ್ನು ಹಿಡಿದು ಮೇಲೆತ್ತಿದಾಗ ನಡುವಿನ ಹೊಲಿಗೆ ಪರಪರನೆ ಬಿಚ್ಚಿತು.

ಕಾರಣವನ್ನು ತಿಳಿದದ್ದು ಆಮೇಲೆ. ಹಳೆಯ ಇಳಕಲ್ ಸೀರೆಗಳಲ್ಲಿ ಒಡಲು ಹತ್ತಿಯದಾದರೆ ಸೆರಗು ಬಹುಮಟ್ಟಿಗೆ ರೇಷ್ಮೆಯದು. ಕ್ಲೋರಿನ್ನಿನ ಬ್ಲೀಚು ಹತ್ತಿಯ ಎಳೆಯನ್ನು ಒಳಗಿನಿಂದ ಸವೆಯಿಸುತ್ತದೆ. ರೇಷ್ಮೆಯನ್ನಂತೂ ಕರಗಿಸಿಯೇ ಬಿಡುತ್ತದೆ. ಇನ್ನು ಭಾರದ ಮಾತು. ಹೊಸ ಹತ್ತಿಯ ನೂಲು ಒದ್ದೆಯಾದಾಗ ಒಣಗಿದ್ದಾಗಿಗಿಂತ ಗಟ್ಟಿ. ಅದನ್ನು ನಂಬಿಯೇ ಅಗಸನು ಕಲ್ಲಿಗೆ ಬಡಿಯುವನು. ಆದರೆ ನಾಲ್ಕಾರು ಪದರಿನ ಕೌದಿ ಕುಡಿಯುವ ನೀರಿನ ಭಾರವನ್ನೆಲ್ಲ ಹೊರಬೇಕಾದುದು ಮುಪ್ಪಾದ ಅರಿವೆಯ ಮೇಲಿನ ಸಣ್ಣ ಹೊಲಿಗೆ.

ಈಗ ನಾನು ತೊಳೆಯುವ ಕ್ರಮವೇ ಬೇರೆ. ಮೊದಲು ಒದ್ದೆಯಾದ ಬಿಳಿಯ ಚಿಂದಿಯನ್ನು ಪ್ರತಿಯೊಂದು ಬಣ್ಣದ ಮೇಲೂ ಒತ್ತಿ ನೋಡುತ್ತೇನೆ. ಬಣ್ಣ ಅಂಟಿದರೆ ಆ ಕೌದಿಗೆ ನೀರಿನ ಯೋಗವಿಲ್ಲ. ಧೂಳು ಕೊಡವಿ, ಗಾಳಿಗೆ ಹಾಕಿದರೆ ಸಾಕು. ಅಂಟದಿದ್ದರೆ ಅಗಲವಾದ ಪಾತ್ರೆಯಲ್ಲಿ ಹಳೆಯ ಧೋತರವನ್ನು ಹಾಸಿ, ಅದರ ಮೇಲೆ ಕೌದಿಯನ್ನಿಟ್ಟು, ತಣ್ಣೀರಿಗೆ ಸೋಸಿದ ಅಂಟವಾಳದ ನೊರೆಯನ್ನು ಬೆರೆಸಿ ಅಂಗೈಯಿಂದ ಮೆಲ್ಲಗೆ ಅದುಮುತ್ತೇನೆ. ಉಜ್ಜುವುದಿಲ್ಲ, ಹಿಂಡುವುದಿಲ್ಲ. ನೀರು ತಿಳಿಯಾಗುವವರೆಗೆ ಬದಲಿಸಿ, ಧೋತರದ ನಾಲ್ಕು ಮೂಲೆಗಳನ್ನು ಇಬ್ಬರು ಹಿಡಿದು ತೊಟ್ಟಿಲಿನಂತೆ ಎತ್ತಬೇಕು. ಹಗ್ಗಕ್ಕೆ ನೇತುಹಾಕಕೂಡದು; ನೆರಳಿನಲ್ಲಿ ಹರವಿ ಒಣಗಿಸಬೇಕು. ಮುಂಬಯಿಯಲ್ಲಿ ಇದು ಅಕ್ಟೋಬರಿನ ನಂತರದ ಕೆಲಸ. ಜುಲೈ ತಿಂಗಳಿನಲ್ಲಿ ತೊಳೆದವರು ಬೂಷ್ಟನ್ನು ಬೆಳೆದಾರು.

ಕಲೆಗಳ ವಿಷಯದಲ್ಲಿ ನನ್ನ ಮಾತನ್ನು ಗೃಹಿಣಿಯರು ಒಪ್ಪಲಾರರೆಂದು ಬಲ್ಲೆ. ಅರಿಸಿನದ ಕಲೆ ಸಾಬೂನು ಸೋಕಿದೊಡನೆ ಕೆಂಪಾಗುತ್ತದೆ. ಹೆದರಬೇಕಾದುದಿಲ್ಲ, ಎಳೆಬಿಸಿಲಿಗೆ ತಾನಾಗಿಯೇ ಮಾಸುತ್ತದೆ. ಟ್ರಂಕಿನ ತುಕ್ಕನ್ನು ನಿಂಬೆಯ ರಸ ತೆಗೆಯುತ್ತದೆ, ನಿಜ. ಆದರೆ ಆ ಹುಳಿ ಉಳಿದುಕೊಂಡರೆ ನೂಲನ್ನೇ ತಿನ್ನುತ್ತದೆ. ಕಲೆ ಇರಲಿ, ಅರಿವೆ ಉಳಿಯಲಿ ಎನ್ನುವವನು ನಾನು. ಎಪ್ಪತ್ತು ವರ್ಷದ ಸೀರೆಯು ನಿನ್ನೆ ಅಂಗಡಿಯಿಂದ ಬಂದಂತೆ ಕಾಣಬೇಕೆಂಬ ಹಟ ಏಕೆ?

ಬೀಗ ಹಾಕುವವರಿಗೂ ಒಂದು ಮಾತು. ಟ್ರಂಕಿನಲ್ಲಿ ಮಡಿಚಿಟ್ಟ ಕೌದಿ ಮಡಿಕೆಯಲ್ಲೇ ಸೀಳುತ್ತದೆ. ಗಂಜಿ ಹಾಕಿದ್ದರೆ ಬೆಳ್ಳಿಹುಳುವಿಗೆ ಔತಣವಾಗುತ್ತದೆ. ತೊಳೆದ ಬಿಳಿಯ ಅರಿವೆಯಲ್ಲಿ ಸುತ್ತಿ, ಆಗಾಗ ತೆಗೆದು ಬೇರೆ ಕಡೆ ಮಡಿಚಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಹೊದೆಯಬೇಕು.

ನಮ್ಮ ಕರಕೌಶಲದ ತಾಸಿನಲ್ಲಿ ಮಕ್ಕಳಿಂದ ಕಸೂತಿಯ ಕರವಸ್ತ್ರಗಳನ್ನು ಪ್ರದರ್ಶನಕ್ಕೆಂದು ಮಾಡಿಸುತ್ತೇವೆ. ಅದನ್ನು ಒಗೆಯುವುದು ಹೇಗೆಂದು ಹುಡುಗಿಯರಿಗೂ ಕಲಿಸುವುದಿಲ್ಲ, ಹುಡುಗರಿಗಂತೂ ಕಲಿಸುವ ವಿಚಾರವೇ ಇಲ್ಲ. ನನಗೂ ಯಾರೂ ಕಲಿಸಲಿಲ್ಲ. ಹುಡುಗನಿಗೇಕೆಂದು ಬಿಟ್ಟಿರಬೇಕು, ಅದರ ಬೆಲೆಯನ್ನು ಅಜ್ಜಿಯ ಸೀರೆ ತೆತ್ತಿತು. ವರ್ಷದಲ್ಲಿ ಒಂದೆರಡು ತಾಸುಗಳನ್ನು ಇದಕ್ಕೆ ಮೀಸಲಿಡಬೇಕೆಂದು ಸಹೋದ್ಯೋಗಿಗಳನ್ನೂ ಪಾಲಕರನ್ನೂ ವಿನಂತಿಸುತ್ತೇನೆ. ಪಠ್ಯಪುಸ್ತಕ ಬೇಕಾಗದು, ಒಂದು ಪಾತ್ರೆ, ಒಂದು ಧೋತರ, ಮನೆಯಿಂದ ತಂದ ಹಳೆಯ ಅರಿವೆ ಇದ್ದರಾಯಿತು.

ಮರುವರ್ಷ ತಾಯಿಯವರು ಬಂದಾಗ ಆ ಕೌದಿಯನ್ನು ಮುಚ್ಚಿಟ್ಟಿದ್ದೆನು. ಅವರೇ ಹುಡುಕಿ ತೆಗೆದರು. ಏನನ್ನೂ ಹೇಳದೆ, ಕೆಟ್ಟ ಭಾಗವನ್ನು ಕತ್ತರಿಸಿ, ಉಳಿದುದಕ್ಕೆ ನನ್ನ ಹಳೆಯ ಅಂಗಿಯೊಂದರ ಅಂಚು ಕಟ್ಟಿ ಹೊಲಿದರು. ಅದೀಗ ನನ್ನ ಮಗಳ ಹೊದಿಕೆ. ಕಳೆದ ರಜೆಯಲ್ಲಿ ಧೋತರದ ಎರಡು ಮೂಲೆಗಳನ್ನು ಅವಳೂ ಎರಡನ್ನು ನಾನೂ ಹಿಡಿದು ಅದನ್ನು ನೀರಿನಿಂದ ಎತ್ತಿದೆವು. ಅವಳು ಚೆಲ್ಲಿದ ಅರಿಸಿನದ ಹಾಲಿನ ಕಲೆ ಇನ್ನೂ ಪೂರ್ತಿ ಹೋಗಿಲ್ಲ.